ಹೋದ ವರ್ಷದ ಗೂಟ

"ಅಜ್ಜಾರ, ಹೋದ ವರ್ಷ ಸೂಜಿ ಮಾಡಿಸ್ಕೊಂಡೀನಲ್ಲರಿ, ಈ ವರ್ಷ ಮತ್ತ ಯಾಕರಿ?" ಎಂದು ಚನ್ನವೀರ ಗುರುಗಳನ್ನು ಕೇಳಿದ.

ಚನ್ನವೀರ ಮಠದ ಶಿಷ್ಯ. ಮಠದ ಆಸರೆಯಲ್ಲಿದ್ದ ಮುದುಕರಿಗೆ ಹೊತ್ತುಹೊತ್ತಿಗೆ ಉಣ್ಣಿಸುವುದು ಅವನ ಸೇವೆ. ಚಳಿ ಶುರುವಾಗುವ ಮುಂಚೆ ಫ್ಲೂ ಲಸಿಕೆ ಹಾಕಲು ಆಸ್ಪತ್ರೆಯ ಸಿಸ್ಟರ್ ಬಂದು ಅಂಗಳದಲ್ಲಿ ಕುಳಿತಿದ್ದರು. ಈ ಜ್ವರ ವರ್ಷವರ್ಷವೂ ರೂಪ ಬದಲಿಸುತ್ತದೆ, ಹಳೆಯ ಲಸಿಕೆಯ ಬಲವೂ ಇಳಿಯುತ್ತದೆ, ಅದಕ್ಕೇ ಪ್ರತಿವರ್ಷ ಹೊಸದು, ಮುದುಕರ ಹತ್ತಿರ ಇರುವವರಂತೂ ತಪ್ಪಿಸಬಾರದು ಎಂದು ಅವರು ಹೇಳಿದ್ದರು. ಚನ್ನವೀರನಿಗೆ ಆ ಮಾತು ಹಿಡಿಸಿರಲಿಲ್ಲ. ಗರಡಿಯಲ್ಲಿ ಪಳಗಿದ ಮೈ ಅವನದು. ಜ್ವರ ಬಂದರೂ ಎರಡು ದಿನ ಮಲಗಿ ಎದ್ದರಾಯಿತು ಎಂದುಕೊಂಡಿದ್ದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಹೊಳೆಯ ದಂಡೆಯಲ್ಲಿ ಒಬ್ಬ ಅಂಬಿಗನಿದ್ದ. ಮಳೆಗಾಲದಲ್ಲಿ ದೋಣಿ ಹಾಕುತ್ತಿದ್ದ. ನೆರೆ ಇಳಿದು ದೋಣಿ ಮರಳಿಗೆ ತಾಗತೊಡಗಿದ ಮೇಲೆ ಜನರನ್ನು ನಡೆಸಿಕೊಂಡೇ ಹೊಳೆ ದಾಟಿಸುತ್ತಿದ್ದ. ಆಳು ಎತ್ತರ, ಮೈ ಗಟ್ಟಿ. ಅವನ ಹೆಗಲ ಮೇಲಿನ ಉದ್ದ ವಸ್ತ್ರದ, ಅಂದರೆ ವಲ್ಲಿಯ, ತುದಿಯನ್ನು ಮೊದಲನೆಯವರು ಹಿಡಿಯುತ್ತಿದ್ದರು. ಉಳಿದವರು ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ಬರುತ್ತಿದ್ದರು. ಆ ವಲ್ಲಿಯ ಮೇಲಿನ ನಂಬಿಕೆಯಲ್ಲಿ ಯಾರೂ ನೀರಿನ ಕಡೆ ನೋಡುತ್ತಲೇ ಇರಲಿಲ್ಲ.

ಆ ಊರಲ್ಲಿ ಒಂದು ಪದ್ಧತಿಯಿತ್ತು. ನೆರೆ ಇಳಿದ ಮೇಲೆ, ಯಾರನ್ನೂ ದಾಟಿಸುವ ಮೊದಲು, ಅಂಬಿಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬನೇ ಹೊಳೆಗೆ ಇಳಿಯಬೇಕು. ಬಿದಿರಿನ ಗಳ ಊರಿ ಊರಿ ಆಳ ನೋಡಬೇಕು. ಆಳವಿಲ್ಲದ ದಾರಿಯ ಉದ್ದಕ್ಕೂ ಹೊಸ ಗೂಟ ನೆಡಬೇಕು. ಇದಕ್ಕೆ ಅವರು ಹೊಳೆ ಕೇಳುವುದು ಎನ್ನುತ್ತಿದ್ದರು.

ಎಲ್ಲ ವರ್ಷವೂ ನೆರೆಗೆ ಗೂಟಗಳು ಕೊಚ್ಚಿ ಹೋಗುತ್ತಿದ್ದವು. ಒಂದು ವರ್ಷ ನೀರು ಇಳಿದಾಗ ನೋಡುತ್ತಾನೆ, ಹೋದ ವರ್ಷದ ಗೂಟಗಳು ನೆಟ್ಟಲ್ಲೇ ನಿಂತಿವೆ. ಅಂಬಿಗನ ಹೆಮ್ಮೆಗೆ ಕೊಂಬು ಬಂತು. ನೆರೆಯೇ ತನಗೆ ಸೋತಿತು ಎಂದುಕೊಂಡು ದಂಡೆಯಿಂದಲೇ ಮನೆಗೆ ತಿರುಗಿದ. ಗೋಡೆಯ ಮೇಲಿನ ಹಗ್ಗ ಒಣಗಿಯೇ ಇದ್ದುದನ್ನು ಹೆಂಡತಿ ಕಂಡಳು.

"ಈ ವರ್ಷ ಹೊಳಿ ಕೇಳಲಿಲ್ಲೇನ?" ಎಂದಳು.

"ಹೊಳಿ ಹೊಸಾದೇನ? ನನ್ನ ಗೂಟ ಒಂದೂ ಅಲ್ಲಾಡಿಲ್ಲ," ಎಂದು ಅಂಬಿಗ ನಕ್ಕ.

ಮರುದಿನ ಬೆಳಿಗ್ಗೆ ದಾಟುವವರ ಸಾಲಿನ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ಆಚೆ ದಡದ ಊರಲ್ಲಿ ಅವಳ ಮೊಮ್ಮಗಳು ಹೆತ್ತಿದ್ದಳು. ಕೂಸಿನ ಮುಖ ನೋಡಬೇಕೆಂದು ಮುದುಕಿ ದಿನಾ ದಂಡೆಗೆ ಬಂದು, ನೀರು ಇಳಿಯಿತೇ ಎಂದು ವಿಚಾರಿಸಿ ಹೋಗುತ್ತಿದ್ದಳು. ಕೂಸಿಗೆಂದು ಹೊಲಿದ ಕುಲಾವಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ವಲ್ಲಿಯ ತುದಿ ಅವಳ ಕೈಗೇ ಬಂತು.

ಅಂಬಿಗ ಗೂಟಗಳ ಗುಂಟ ನಡೆದ. ನೀರು ಮೊಣಕಾಲಿಗಿತ್ತು. ಹೊಳೆಯ ನಡುವೆ ಕಾಲಡಿಯ ಮರಳು ಕುಸಿಯಿತು. ನೀರು ಒಮ್ಮೆಲೇ ಎದೆಗೆ ಏರಿತು. ಅವನು ಕಾಲು ಊರಿ ನಿಂತ. ನಿಲ್ಲಿರೆಂದು ಕೂಗಿ ತಿರುಗುವಷ್ಟರಲ್ಲಿ ಮುದುಕಿ ಅವನ ಹೆಜ್ಜೆಯ ಹಿಂದೆಯೇ ಹೆಜ್ಜೆ ಇಟ್ಟಿದ್ದಳು. ಹಿಂದಿನವರ ಹಿಡಿತದಿಂದ ಅವಳ ಕೈ ಜಾರಿತು. ಅಂಬಿಗ ಮುಳುಗಿ ಮುಳುಗಿ ಹುಡುಕಿದ. ವಲ್ಲಿ ಅವನ ಹೆಗಲ ಮೇಲೇ ಇತ್ತು, ಅದರ ತುದಿ ಹಿಡಿದವಳು ಇರಲಿಲ್ಲ.

ಉಳಿದವರನ್ನು ದಡ ಸೇರಿಸಿ, ಅವನು ಹಗ್ಗ ಕಟ್ಟಿಕೊಂಡು ಒಬ್ಬನೇ ಹೊಳೆಗೆ ಇಳಿದ. ಗಳದಿಂದ ಗೂಟಗಳ ಬುಡ ಮುಟ್ಟಿ ನೋಡಿದ. ನೆರೆ ಅವುಗಳ ಸುತ್ತ ಮರಳು ಪೇರಿಸಿ ಭದ್ರ ಮಾಡಿತ್ತು. ಪಕ್ಕದಲ್ಲೇ, ಜನ ನಡೆಯುವ ದಾರಿಯಲ್ಲೇ, ಹೊಸ ಮಡು ತೋಡಿತ್ತು. ಮೇಲೆ ಅದೇ ನೀರು, ಅದೇ ಬಣ್ಣ, ಅದೇ ಸದ್ದು. ಒಳಗೆ ಬೇರೆಯೇ ಹೊಳೆ. ಹುಟ್ಟಿದಾಗಿನಿಂದ ಕುಡಿದ ನೀರಿನ ನಡುವೆ ಅಂಬಿಗ ಪರವೂರಿನವನಂತೆ ನಿಂತ. ಇಷ್ಟು ದೊಡ್ಡದನ್ನು ಬಲ್ಲೆ ಅಂದುಕೊಂಡೆನಲ್ಲ ಎಂದು ಹಳಹಳಿಸಿದ. ಭಯವಾಯಿತು, ಭಯದ ಜೊತೆಗೇ ಕೈಗಳು ತಾವಾಗಿ ಮುಗಿದವು. ಹಳೆಯ ಗೂಟಗಳನ್ನೆಲ್ಲ ಅಳುತ್ತಲೇ ಕಿತ್ತ. ಆಮೇಲೆ ಬದುಕಿರುವ ತನಕ, ಹೊಳೆ ಕೇಳದೆ ಅವನು ಯಾರ ಕೈಗೂ ವಲ್ಲಿಯ ತುದಿ ಕೊಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಉಣ್ಣುವ ಹೊತ್ತಾಗಿತ್ತು. ಒಳಗಿನಿಂದ ಮುದುಕರೊಬ್ಬರು ಚನ್ನವೀರನ ಹೆಸರು ಹಿಡಿದು ಕರೆದರು. ಅವನಿಗೆ ಮಾತ್ರ ಅಂಬಿಗನದೇ ಯೋಚನೆ.

"ಅಷ್ಟು ಆಳದಾಗ ಇಳಿದ ಅಂಬಿಗಗ ಏನೂ ಆಗಲಿಲ್ಲೇನರಿ, ಅಜ್ಜಾರ?" ಎಂದು ಕೇಳಿದ.

ಗುರುಗಳು ಮುದುಕರ ಕೋಣೆಯ ಕಡೆ ನೋಡಿ ಹೇಳಿದರು: "ಅಂವಗೇನಾದೀತು ತಮ್ಮಾ, ನೀರು ಅಂವಗ ಎದಿಮಟ ಅಷ್ಟ ಇತ್ತು."