ಮೂರು ಸಲ ಕೂಗಿದರೂ

ಕಿವಿ ಕೇಳದವರಿಗೆ ಶ್ರವಣಯಂತ್ರ ಹಂಚುವ ಶಿಬಿರದಲ್ಲಿ ಸಾಹೇಬರು ಒಳಗೆ ಕೂತು ಹೆಸರು ಕೂಗುತ್ತಿದ್ದರು. ಮೂರು ಸಲ ಕೂಗಿದರೂ ಬಾರದವರ ಹೆಸರು ಹೊಡೆದುಹಾಕುತ್ತಿದ್ದರು. ಕಂಬಳಿ ನೇಯುವ ಮೈಲಾರಪ್ಪ ಬಾಗಿಲಲ್ಲೇ ಕೂತಿದ್ದ. ಅವನ ಹೆಸರೂ ಹೋಯಿತು.

ಕಸ ಗುಡಿಸುತ್ತಿದ್ದ ಚೌಡಮ್ಮ ಪೊರಕೆ ನಿಲ್ಲಿಸಿದಳು. "ಅವನಿಗೆ ಕೇಳಿಸಿಲ್ಲ, ಸ್ವಾಮಿ."

"ಕೂಗಿದಾಗ ಬರಬೇಕಮ್ಮ. ಈಗ ನಾಲ್ಕು ಜನ ಬಂದು ಯಂತ್ರ ತಗೊಂಡು ಹೋಗಲಿಲ್ವಾ?"

"ಹೌದು ಸ್ವಾಮಿ. ಒಂದೇ ಕೂಗಿಗೆ ಚಹಾದಂಗಡಿಯಿಂದ ಓಡಿಬಂದ್ರು. ಅಷ್ಟು ಚೆನ್ನಾಗಿ ಕೇಳೋ ಕಿವಿಗೆ ಯಂತ್ರ ಯಾಕೆ?"

ಸಾಹೇಬರ ಪೆನ್ನು ನಿಂತಿತು. ಎದ್ದುಬಂದು ಮೈಲಾರಪ್ಪನ ಭುಜ ಮುಟ್ಟಿದರು. ತಾವೇ ಅವನ ಕಿವಿಗೆ ಯಂತ್ರ ಇಟ್ಟರು.

ಆಮೇಲೆ, ಗೇಟು ದಾಟುತ್ತಿದ್ದ ನಾಲ್ವರನ್ನು ಹೆಸರು ಹಿಡಿದು ಮೂರು ಸಲ ಕೂಗಿದರು. ಮೈಲಾರಪ್ಪ ತಿರುಗಿ ನೋಡಿದ. ಆ ನಾಲ್ವರಿಗೆ ಮಾತ್ರ ಕೇಳಿಸಲಿಲ್ಲ.