ಕಡಲಿಗೆ ಬಾಗಿಲು ತೆರೆದ ಬೀರಮ್ಮ

"ಕಡಲು ಏರಿ ಬರುತ್ತಿದೆ! ರಾಜಕುಮಾರಿಯ ಮೂರು ಒಗಟು ಬಿಡಿಸಿದವರು ಹೇಳಿದಂತೆ ತೀರವನ್ನು ಕಾಪಾಡಲಾಗುವುದು. ತಪ್ಪಿದವರನ್ನು ಅಳಿವೆಯ ಕಂಬಕ್ಕೆ ಕಟ್ಟಿ ಉಬ್ಬರಕ್ಕೆ ಬಿಡಲಾಗುವುದು. ಯಾರೂ ಬಿಡಿಸದಿದ್ದರೆ ಅಳಿವೆಯಂಚಿನ ಕಾಂಡ್ಲ ಕಾಡು ಕಡಿದು ಅರಮನೆಯ ಸುತ್ತ ಗೋಡೆ ಏಳುವುದು!"

ಹೀಗೆಂದು ರಾಜ ಡಂಗುರ ಹೊಡೆಸಿದ. ಗೋಡೆಯ ಹೊರಗೆ ಉಳಿಯುವುದು ಕಾಂಡ್ಲಕೇರಿ. ಆ ಹಳ್ಳಿ ಮುಳುಗಿದರೆ ಮುಳುಗಲಿ ಎಂದು ಅವನ ಲೆಕ್ಕ. ಎಂಥ ರಾಜನೋ!

ರಾಜಕುಮಾರಿ ಕೇಳಿದಳು: "ಕೆಸರಲ್ಲಿ ಕಾಲೂರಿದ ಪಡೆ, ಕೈಯಲ್ಲಿ ಕತ್ತಿಯಿಲ್ಲ, ಅಲೆಯ ಸೊಕ್ಕು ಮುರಿಯುತ್ತದೆ. ಯಾವುದು?"

"ನನ್ನ ಕಾಲಾಳುಗಳೇ!" ಎಂದು ಸೇನಾಪತಿಯ ಮಗ ಮೀಸೆ ತಿರುವಿದ. ಮೀಸೆ ಸಮೇತ ಅವನನ್ನು ಕಂಬಕ್ಕೆ ಕಟ್ಟಿದರು.

ಹಡಗಿನ ಸಾಹುಕಾರ ಬಂದು "ಕಾಂಡ್ಲ ಗಿಡ" ಎಂದ. ಸರಿಯಾಯಿತು. ಎರಡನೆಯದು ಬಂತು: "ಒಂಟಿ ಕಾಲಲ್ಲಿ ಉಪ್ಪುನೀರಲ್ಲಿ ನಿಂತು ಊರಿಗೆಲ್ಲ ಉಣ್ಣಿಸುವ ತಾಯಿ ಯಾರು?"

"ಕೊಕ್ಕರೆ!"

"ಕೊಕ್ಕರೆ ಯಾವ ಊರಿಗೆ ಉಣ್ಣಿಸಿತು?" ಎಂದಳು ರಾಜಕುಮಾರಿ. ಅವನನ್ನೂ ಕಟ್ಟಿದರು. ನೀರು ಇಬ್ಬರ ಮೊಣಕಾಲು ಮುಟ್ಟಿತ್ತು.

ಆಗ ಕಾಂಡ್ಲಕೇರಿಯ ಗದ್ದೆಯಾಳು ಬೀರಮ್ಮ ಕೆಸರುಗಾಲಲ್ಲೇ ಸಭೆಗೆ ಬಂದಳು. ತಲೆ ತಗ್ಗಿಸಲಿಲ್ಲ.

"ಮೊದಲಿಂದು ಕಾಂಡ್ಲ, ಹೌದು. ಅದು ಅಲೆಯನ್ನ ಬೇರಲ್ಲೇ ಹಿಡಿದು ಸುಸ್ತು ಮಾಡ್ತದೆ. ಎರಡನೇದು ನಮ್ಮ ಕಗ್ಗ ಭತ್ತ. ಉಪ್ಪುನೀರಲ್ಲಿ ಮುಳುಗಿದ್ರೂ ಸಾಯೂದಿಲ್ಲ."

ರಾಜಕುಮಾರಿ ಮೂರನೆಯದು ಕೇಳಿದಳು: "ಯಾವ ಕಳ್ಳನಿಗೆ ಬಾಗಿಲು ತೆರೆದರೆ ಮನೆ ಉಳಿಯುತ್ತದೆ?"

"ಯಾವ ಕಳ್ಳನಿಗೂ ತೆರೆಯಬಾರದು!" ಎಂದು ರಾಜ ಗುಡುಗಿದ.

"ಒಡೆಯಾ, ಉತ್ತರ ತಪ್ಪಾಯ್ತು. ನಿಮ್ಮನ್ನೂ ಕಂಬಕ್ಕೆ ಕಟ್ಟಬೇಕಾ?" ಎಂದಳು ಬೀರಮ್ಮ. "ಆ ಕಳ್ಳ ಕಡಲು. ಕೊಯ್ಲು ಮುಗಿದ ಮೇಲೆ ನಾವೇ ಕಟ್ಟೆಯ ಬಾಗಿಲು ತೆಗೆದು ಅದನ್ನ ಗದ್ದೆಗೆ ಬಿಡ್ತೇವೆ. ಅದು ಸಿಗಡಿ, ಮೀನು ಕೊಟ್ಟು, ಮಣ್ಣು ಹಾಸಿ ಹೋಗ್ತದೆ. ಹರಡೂಕೆ ಜಾಗ ಸಿಕ್ಕಿದ್ರೆ ಕಡಲು ಕಟ್ಟೆ ಒಡೆಯೂದಿಲ್ಲ."

ರಾಜಕುಮಾರಿ ಎದ್ದು ನಿಂತು "ಮೂರೂ ಸರಿ" ಎಂದಳು. ರಾಜನ ಮುಖ ಹುಳ್ಳಗಾಯಿತು. "ಏನು ಬೇಕು, ಕೇಳು."

"ಮೊದ್ಲು ಅವರಿಬ್ಬರನ್ನ ಬಿಚ್ಚಿ. ಕಾಂಡ್ಲಕ್ಕೆ ಕೊಡಲಿ ಹಾಕಬೇಡಿ. ನಮ್ಮ ಕೇರಿ ಗುಡ್ಡದ ಬುಡಕ್ಕೆ ಸರೀತದೆ. ನಿಮ್ಮ ಅರಮನೆಯೂ ಸರೀಲಿ."

"ಅರಮನೆಯೇ?"

"ಕಡಲು ಹರಡ್ತಿದ್ದ ಗದ್ದೆ ಮುಚ್ಚಿ ಕಟ್ಟಿದ್ದು ಅದನ್ನೇ. ದಾರಿಗೆ ಅಡ್ಡ ನಿಂತವರು ನೀವು, ಒಡೆಯಾ. ನಾವಲ್ಲ."

ಕೊಟ್ಟ ಮಾತು, ನುಂಗುವಂತಿಲ್ಲ. ಕಂಬದಲ್ಲಿದ್ದ ಇಬ್ಬರನ್ನೂ ಬಿಚ್ಚಿಸಿ ರಾಜ ಗುಡ್ಡ ಹತ್ತಿದ. ತೀರದ ಉಸ್ತುವಾರಿ ಬೀರಮ್ಮನದಾಯಿತು. ಸಿಂಹಾಸನವಿದ್ದ ಜಾಗದಲ್ಲಿ ಈಗ ಕಗ್ಗ ಬೆಳೆಯುತ್ತದೆ. ಅದರ ಗಂಜಿ ಕುಡಿದೇ ನಾನು ಈ ಕತೆ ಹೇಳಿದ್ದು.