ಶೋಕದ ರಜೆ

"ಗುರುಗಳೇ, ಅಗಲಿದವರಿಗೆ ನಾವು ಸಲ್ಲಿಸಬಹುದಾದ ದೊಡ್ಡ ಗೌರವ ಯಾವುದು?" ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವಕೀಲರಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಅವರ ಮುಂದೆ ಸೋತಿತ್ತು. ತಾಯಿಯಿಲ್ಲದ ಮಗಳಿಗೆ ತಲೆ ಬಾಚಿ ಜಡೆ ಹೆಣೆದ ಮೇಲೆಯೇ ಅವರು ಕರಿಕೋಟು ತೊಡುತ್ತಿದ್ದರು. ಅಲ್ಲಿಯವರೆಗೆ ಬಡ ಕಕ್ಷಿದಾರರು ಜಗಲಿಯಲ್ಲಿ ಕಾದಿರುತ್ತಿದ್ದರು. ಅಂಥವರಿಂದ ಅವರು ಕಾಸು ಮುಟ್ಟಿದವರಲ್ಲ. ಮಗಳೂ ಬೆಳೆದು ಅಪ್ಪನ ಜೊತೆ ವಕೀಲಿಗೆ ನಿಂತಳು.

ಒಂದು ಬೆಳಗ್ಗೆ ವಕೀಲರು ತೀರಿಕೊಂಡರು. ವಕೀಲರೊಬ್ಬರು ಸತ್ತ ದಿನ ಉಳಿದ ಯಾವ ವಕೀಲರೂ ವಾದಕ್ಕೆ ನಿಲ್ಲಬಾರದು. ಅದು ಆ ಊರಿನ ಕೋರ್ಟಿನ ರೂಢಿ. ಆದರೆ ಒಬ್ಬ ಮುದುಕಿಯ ಮನೆಯನ್ನು ಕೆಡವದಂತೆ ಅವರು ತಂದಿದ್ದ ತಡೆಯಾಜ್ಞೆ ಅಂದಿಗೇ ಮುಗಿಯುತ್ತಿತ್ತು. ಅದನ್ನು ಮುಂದುವರಿಸಿ ಎಂದು ಯಾರೂ ಹೋಗಿ ಕೇಳದಿದ್ದರೆ ಮರುದಿನ ಗೋಡೆ ಉರುಳುತ್ತಿತ್ತು.

ಮಗಳು ಅಪ್ಪನ ಪಕ್ಕದಿಂದ ಎದ್ದು ಕೋಟು ತೊಟ್ಟಳು.

"ಹೆಣ ಮನೇಲಿದೆ, ನೀನು ಕೋರ್ಟಿಗೆ ಹೊರಟೆಯಲ್ಲೇ! ಹೊತ್ತು ಮುಳುಗೋದರೊಳಗೆ ಬೆಂಕಿ ಇಡಬೇಕು. ನಿನಗೋಸ್ಕರ ಯಾರೂ ಕಾಯೋದಿಲ್ಲ" ಎಂದು ದೊಡ್ಡಪ್ಪ ಗುಡುಗಿದ.

"ಕಾಯಬೇಡಿ ದೊಡ್ಡಪ್ಪ" ಎಂದಳು ಅವಳು.

ಕೋರ್ಟಿನ ಬಾಗಿಲಲ್ಲಿ ವಕೀಲರ ಸಂಘದ ಹಿರಿಯರು ಅಡ್ಡ ನಿಂತರು. "ಇವತ್ತು ಯಾರೂ ಒಳಗೆ ಹೋಗೋ ಹಾಗಿಲ್ಲಮ್ಮ. ನಿಮ್ಮ ತಂದೆಯವರ ಗೌರವಕ್ಕಾಗಿಯೇ ಈ ರಜೆ" ಎಂದರು.

"ಹಾಗಾದರೆ ಆ ಅಜ್ಜಿಯ ಗೋಡೆ ಕೆಡವೋರಿಗೂ ರಜೆ ಕೊಡಿಸಿ ಸರ್. ನಾನು ಈಗಲೇ ಮನೆಗೆ ಹೋಗ್ತೀನಿ" ಎಂದಳು.

ಹಿರಿಯರು ಪಕ್ಕಕ್ಕೆ ಸರಿದರು. ಅವಳು ಅವರನ್ನು ದಾಟಿ ಒಳಗೆ ನಡೆದಳು. ವಾದದ ನಡುವೆ ಅಳು ಉಕ್ಕಿದಾಗ ತಡೆದು ನಿಂತು, ಮತ್ತೆ ವಾದಿಸಿದಳು. ತಡೆಯಾಜ್ಞೆ ಮುಂದುವರಿಯಿತು. ಮುದುಕಿಯ ಮನೆ ಉಳಿಯಿತು.

ಅವಳು ಮಸಣ ಮುಟ್ಟುವ ಹೊತ್ತಿಗೆ ಚಿತೆ ಕೆಂಡವಾಗಿತ್ತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು; ಕಲ್ಲೆದೆಯವಳು, ಕುಲಗೆಟ್ಟವಳು ಎಂದು ಊರು ಬಾಯಿಗೆ ಬಂದದ್ದನ್ನು ಆಡಿತು. ಅವಳು ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ. ಮರುದಿನವೂ ಅದೇ ಕೋಟು ತೊಟ್ಟು ಹೋದಳು.

ಶಿಷ್ಯ ತಡೆಯಲಾರದೆ ಕೇಳಿದ: "ಎಷ್ಟಾದರೂ ಹೆತ್ತ ಅಪ್ಪ, ಗುರುಗಳೇ. ಅವರನ್ನು ಕಳಿಸಿಕೊಡಲು ಮಗಳೇ ಇರಲಿಲ್ಲವಲ್ಲ!"

ಗುರುಗಳೆಂದರು: "ಕಳಿಸಿಕೊಟ್ಟವರು ಊರಿನವರು, ಮಗೂ, ಉಳಿಸಿಕೊಂಡವಳು ಅವಳು."